ಉಬ್ಬೋ, ತಗ್ಗೋ? ಪ್ರೂಫ್ ನಾಣ್ಯ ಗುರುತಿಸುವ ನನ್ನ ರೀತಿ

ನಾಣ್ಯ ಮೇಳಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತೊಂದಿದೆ: "ಪ್ರೂಫ್ ಸಾರ್, ಹೇಗೆ ಹೊಳೀತಿದೆ ನೋಡಿ." ಪ್ರೂಫ್ ಅಂದರೆ ಟಂಕಸಾಲೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಹೊಡೆಯುವ ನಾಣ್ಯ. ಹೊಳಪನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದರೆ ತಾಮ್ರದ ಕಾಸೂ ಹೊಳೆಯುತ್ತದೆ.

ನಾನು ಸಂಗ್ರಹಿಸುವುದು ಮುಖ್ಯವಾಗಿ ಸ್ವತಂತ್ರ ಭಾರತದ ಸ್ಮರಣಾರ್ಥ ನಾಣ್ಯಗಳನ್ನು. 1964ರಲ್ಲಿ ನೆಹರೂ ತೀರಿಕೊಂಡಾಗ ಶುರುವಾದ ಸಾಲು ಇದು. ಆಮೇಲೆ 1969ರಲ್ಲಿ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ, 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ್ದು, 2006ರಲ್ಲಿ ನಮ್ಮ ಬಸವಣ್ಣನವರ ನೂರು ರೂಪಾಯಿ. ಇವು ಪ್ರೂಫ್ ಆಗಿಯೂ ಸಿಗುತ್ತವೆ, ಯುಎನ್‌ಸಿ ಆಗಿಯೂ ಸಿಗುತ್ತವೆ. ಯುಎನ್‌ಸಿ ಅಂದರೆ ಚಲಾವಣೆಗೆ ಹೋಗದ, ಕೈ ಬದಲಾಗದ ನಾಣ್ಯ. ಬೆಲೆ ಪ್ರೂಫಿಗೇ ಜಾಸ್ತಿ. ಅದಕ್ಕೇ ಹೊಳೆಯುವುದೆಲ್ಲ ಪ್ರೂಫ್ ಅನ್ನುವ ಗೊಂದಲದಿಂದ ಕೆಲವರಿಗೆ ಲಾಭವೂ ಇದೆ.

ನಾಣ್ಯ ಹುಟ್ಟುವ ಬಗೆ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಮಾಮೂಲಿ ನಾಣ್ಯವನ್ನು ಯಂತ್ರ ಒಂದೇ ಏಟಿಗೆ ಹೊಡೆದು ಬಿಸಾಕುತ್ತದೆ. ಒಂದರ ಮೇಲೊಂದು ಉದುರಿ, ಒಂದಕ್ಕೊಂದು ತಾಗಿ ಗಾಯವಾಗುತ್ತದೆ. ಪ್ರೂಫ್ ಹಾಗಲ್ಲ. ಅಚ್ಚು ಹಾಕುವ ಮೊದಲೇ ಲೋಹದ ಖಾಲಿ ಬಿಲ್ಲೆಗೆ ಪಾಲಿಶ್ ಮಾಡಿರುತ್ತಾರೆ. ಅಚ್ಚಿನಲ್ಲಿ ಬಯಲು ಜಾಗವನ್ನು, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಭಾಗವನ್ನು, ಕನ್ನಡಿ ಮಾಡಿ, ಚಿತ್ರದ ಜಾಗವನ್ನು ಬೇಕೆಂದೇ ಮಂಕು ಮಾಡಿರುತ್ತಾರೆ. ಒಂದಕ್ಕಿಂತ ಹೆಚ್ಚು ಏಟು, ಹೆಚ್ಚು ಒತ್ತಡ. ಹೊರಗೆ ತೆಗೆಯುವಾಗಲೂ ಒಂದೊಂದಾಗಿ ತೆಗೆಯುತ್ತಾರೆ.

ನೋಡುವಾಗ ನಾನು ಟ್ಯೂಬ್‌ಲೈಟ್ ಆರಿಸಿಬಿಡುತ್ತೇನೆ. ಅದರ ಬೆಳಕು ಎಲ್ಲ ಕಡೆ ಹರಡುತ್ತದೆ, ಏನೂ ತಿಳಿಯುವುದಿಲ್ಲ. ಒಂದೇ ಬಲ್ಬಿನ ಟೇಬಲ್ ದೀಪ ಸಾಕು. ಅಂಚನ್ನು ಮಾತ್ರ ಹಿಡಿದು ನಾಣ್ಯವನ್ನು ಮೆಲ್ಲಗೆ ವಾಲಿಸಬೇಕು. ಯುಎನ್‌ಸಿ ಆದರೆ ನಡುವಿನಿಂದ ಅಂಚಿನವರೆಗೆ ಬೆಳಕಿನ ಪಟ್ಟಿಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗಿರಗಿರ ತಿರುಗುತ್ತವೆ. ಏಟು ಬಿದ್ದಾಗ ಲೋಹ ಹೊರಕ್ಕೆ ಹರಿದ ಗುರುತು ಅದು. ಪ್ರೂಫಿನಲ್ಲಿ ಏನೂ ತಿರುಗುವುದಿಲ್ಲ. ಬಯಲು ಒಂದು ಕ್ಷಣ ಪೂರ್ತಿ ಕಪ್ಪು, ಸ್ವಲ್ಪ ವಾಲಿಸಿದರೆ ಪೂರ್ತಿ ಬಿಳುಪು. ಎರಡೂ ಇಲ್ಲದೆ ಸುಮ್ನೆ ಒಂದೇ ಸಮ ಹೊಳೆಯುತ್ತಿದ್ದರೆ ಯಾರೋ ಉಜ್ಜಿದ್ದಾರೆ ಅಂತಲೇ ನನ್ನ ಮೊದಲ ಅನುಮಾನ. ಉಜ್ಜಿದಾಗ ಆ ತಿರುಗುವ ಪಟ್ಟಿಗಳೇ ಮೊದಲು ಸಾಯುತ್ತವೆ. ಮತ್ತೆ ಅವನ್ನು ತರಿಸಲು ಯಾರಿಂದಲೂ ಆಗದು.

ಇನ್ನೊಂದು ಪರೀಕ್ಷೆಗೆ ಹಳೇ ದಿನಪತ್ರಿಕೆ ಬೇಕು. ನಾಣ್ಯವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕ ಪತ್ರಿಕೆಯ ತುಂಡನ್ನು ನೆಟ್ಟಗೆ ನಿಲ್ಲಿಸಿ. ಬಯಲಿನಲ್ಲಿ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ಪತ್ರಿಕೆಯನ್ನು ದೂರ ಸರಿಸುತ್ತಾ ಹೋಗಿ. ಒಳ್ಳೆ ಪ್ರೂಫ್ ಆದರೆ ಗೇಣುದ್ದ ದೂರ ಹೋದರೂ ಅಕ್ಷರ ಓದಲು ಬರುತ್ತದೆ. ಉಜ್ಜಿದ ನಾಣ್ಯದಲ್ಲಿ ಬೇಗನೆ ಕದಡಿಹೋಗುತ್ತದೆ.

ಆದರೆ ಕನ್ನಡಿ ಮೈ ಇದ್ದರೂ ಪ್ರೂಫ್ ಅಲ್ಲದ ನಾಣ್ಯಗಳಿವೆ. ಹೊಸದಾಗಿ ಪಾಲಿಶ್ ಮಾಡಿದ ಅಚ್ಚಿನಿಂದ ಬಂದ ಮೊದಮೊದಲ ಮಾಮೂಲಿ ನಾಣ್ಯಗಳು ಹೀಗಿರುತ್ತವೆ. ಇವನ್ನು ಪ್ರೂಫ್‌ಲೈಕ್ ಅನ್ನುತ್ತಾರೆ. ಇಲ್ಲಿ ಅಂಚು ನೋಡಬೇಕು. ಪ್ರೂಫಿನ ಅಂಚು ಚೌಕವಾಗಿ, ಕತ್ತರಿಸಿದ ಹಾಗೆ ನಿಂತಿರುತ್ತದೆ. ಮಾಮೂಲಿ ನಾಣ್ಯದ ಅಂಚು ಸ್ವಲ್ಪ ದುಂಡಗಿರುತ್ತದೆ. ಅಕ್ಷರದ ಬುಡವೂ ಹಾಗೆಯೇ: ಪ್ರೂಫಿನಲ್ಲಿ ಅಕ್ಷರ ಬಯಲಿನಿಂದ ನೇರವಾಗಿ ಎದ್ದಿರುತ್ತದೆ, ಮಾಮೂಲಿಯಲ್ಲಿ ಇಳಿಜಾರು.

ಇನ್ನು ಗೆರೆಗಳ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಇದರಲ್ಲೇ. ಪ್ರೂಫಿನ ಬಯಲಿನಲ್ಲೂ ಕೂದಲೆಳೆಯಂಥ ಗೆರೆಗಳಿರುತ್ತವೆ. "ಗೀರಿದೆ ಸಾರ್, ಬೇಡ" ಅಂತ ಹೊಸಬರು ಪಕ್ಕಕ್ಕಿಡುತ್ತಾರೆ. ಅಚ್ಚಿಗೆ ಪಾಲಿಶ್ ಮಾಡುವಾಗ ಅಚ್ಚಿನಲ್ಲಿ ಬಿದ್ದ ಗೀರು, ನಾಣ್ಯದಲ್ಲಿ ಉಬ್ಬಿದ ಗೆರೆಯಾಗಿ ಬರುತ್ತದೆ. ಬಟ್ಟೆಯಿಂದಲೋ ಪುಡಿಯಿಂದಲೋ ನಾಣ್ಯ ಒರೆಸಿದಾಗ ಬೀಳುವ ಗೀರು ತಗ್ಗಿರುತ್ತದೆ. ಉಬ್ಬಿದ್ದು ಟಂಕಸಾಲೆಯದ್ದು, ತಗ್ಗಿದ್ದು ಮನೆಯದ್ದು.

ಅಷ್ಟು ಸಣ್ಣ ಗೆರೆ ಉಬ್ಬೋ ತಗ್ಗೋ ಅಂತ ತಿಳಿಯುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು, ಬೆಳಕು ಒಂದೇ ಪಕ್ಕದಿಂದ ಬರುವ ಹಾಗೆ ಮಾಡಿಕೊಳ್ಳುತ್ತೇನೆ. ಮೊದಲು ಯಾವುದಾದರೂ ಅಕ್ಷರ ನೋಡುತ್ತೇನೆ. ಅದು ಉಬ್ಬಿದೆ ಅಂತ ಗೊತ್ತೇ ಇದೆ. ಅದರ ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಿಕೊಂಡು, ಆಮೇಲೆ ಗೆರೆಗೆ ಬರುತ್ತೇನೆ. ನೆರಳು ಅದೇ ಕಡೆಗಿದ್ದರೆ ಉಬ್ಬು, ಎದುರು ಕಡೆಗಿದ್ದರೆ ತಗ್ಗು. ಇನ್ನೂ ಒಂದು ಸುಳಿವಿದೆ. ಅಚ್ಚಿನ ಗೆರೆ ಬಯಲಲ್ಲಿ ಓಡಿ ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ, ಅಕ್ಷರದ ಮೇಲೆ ಹತ್ತುವುದಿಲ್ಲ. ಒರೆಸಿದ ಗೀರಿಗೆ ಆ ಮರ್ಯಾದೆ ಇಲ್ಲ, ಗಾಂಧೀಜಿಯ ಕೆನ್ನೆಯ ಮೇಲೂ ಹಾದುಹೋಗುತ್ತದೆ.

ಈ ಲೆಕ್ಕ ಬ್ರಿಟಿಷ್ ಕಾಲದ ನಾಣ್ಯಕ್ಕೂ ನಡೆಯುತ್ತದೆ. ಮುಂಬೈ ಮತ್ತು ಕಲ್ಕತ್ತಾ ಟಂಕಸಾಲೆಗಳು 1970ರವರೆಗೂ ಸಂಗ್ರಾಹಕರು ಕೇಳಿದರೆ ಹಳೇ ಅಚ್ಚುಗಳಿಂದಲೇ ಪ್ರೂಫ್ ಹೊಡೆದು ಕೊಡುತ್ತಿದ್ದವು. ಇವೇ ರೀಸ್ಟ್ರೈಕ್‌ಗಳು. ನಾಣ್ಯದ ಮೇಲಿರುವುದು ವಿಕ್ಟೋರಿಯಾ ಕಾಲದ ಇಸವಿ, ಹೊಡೆದದ್ದು ತುಂಬಾ ಆಮೇಲೆ. ವರ್ಷಗಟ್ಟಲೆ ಇಟ್ಟ ಅಚ್ಚಿಗೆ ತುಕ್ಕು ಹಿಡಿದಿದ್ದರೆ, ಆ ತುಕ್ಕಿನ ಗುಳಿಗಳು ನಾಣ್ಯದ ಬಯಲಲ್ಲಿ ಸಣ್ಣ ಉಬ್ಬುಗಳಾಗಿ ಮೂಡುತ್ತವೆ. ಕನ್ನಡಿ ಮೈ, ಅದರ ಮೇಲೆ ರವೆ ಚೆಲ್ಲಿದಂಥ ಉಬ್ಬು ಕಂಡರೆ ನಾನು ಮೊದಲು ಕೇಳುವುದೇ "ರೀಸ್ಟ್ರೈಕಾ?" ಅಂತ. ಅದೂ ಟಂಕಸಾಲೆಯದ್ದೇ, ನಕಲಿ ಅಲ್ಲ. ಆದರೆ ಆ ಕಾಲದ ಮೂಲ ಪ್ರೂಫಿನ ಬೆಲೆ ಕೇಳಿದರೆ ಕೊಡಬೇಡಿ.

ಟಂಕಸಾಲೆ ಗುರುತನ್ನು ನಾನು ಕೊನೆಗೆ ನೋಡುತ್ತೇನೆ. ಮುಂಬೈನ ಮಾಮೂಲಿ ನಾಣ್ಯಕ್ಕೆ ವಜ್ರದ ಆಕಾರದ ಚುಕ್ಕೆ. 1969ರಿಂದ ಅಲ್ಲಿನ ಪ್ರೂಫಿಗೆ 'ಬಿ' ಅಕ್ಷರ, ಊರಿನ ಹೆಸರು ಬದಲಾದ ಮೇಲೆ 'ಎಂ'. ಕೋಲ್ಕತ್ತಾದ ನಾಣ್ಯಕ್ಕೆ ಗುರುತೇ ಇಲ್ಲ, ಹಾಗಾಗಿ ಅಲ್ಲಿನ ಪ್ರೂಫಿಗೆ ಈ ದಾರಿ ಉಪಯೋಗವಿಲ್ಲ. ಅಕ್ಷರ ಇದ್ದರೂ ನಾಣ್ಯ ಹೇಗೆ ಹುಟ್ಟಿತು ಅಂತ ಮಾತ್ರ ಹೇಳುತ್ತದೆ, ಈಗ ಹೇಗಿದೆ ಅಂತ ಹೇಳುವುದಿಲ್ಲ. ಪ್ರೂಫನ್ನೂ ಉಜ್ಜಿ ಹಾಳು ಮಾಡಿದವರಿದ್ದಾರೆ. ಒಂದು ಹೆಬ್ಬೆಟ್ಟಿನ ಗುರುತು ಬಿದ್ದರೂ ಸಾಕು, ಕನ್ನಡಿ ಮೈಯಲ್ಲಿ ಅದು ಕಾಯಂ ಆಗಿ ಕೂರುತ್ತದೆ.

ಫೋನಿನಲ್ಲಿ ಫೋಟೋ ಕಳಿಸಿ "ಇದು ಪ್ರೂಫಾ ಅಣ್ಣಾ?" ಅಂತ ಕೇಳುವವರು ಬಹಳ. ಒಂದು ಫೋಟೋದಲ್ಲಿ ನಾನು ಏನೂ ಹೇಳಲಾರೆ. ಕನ್ನಡಿ ಮೈ ಎದುರಿಗಿರುವುದನ್ನು ತೋರಿಸುತ್ತದೆ: ಕಪ್ಪು ಫೋನಿದ್ದರೆ ಬಯಲು ಕಪ್ಪು, ಬಿಳಿ ಗೋಡೆಯಿದ್ದರೆ ಬಿಳಿ. ಹಾಗಾಗಿ ಒಂದೇ ದೀಪದ ಕೆಳಗೆ ನಾಣ್ಯ ವಾಲಿಸುವ ಸಣ್ಣ ವಿಡಿಯೋ ಕೇಳುತ್ತೇನೆ, ಜೊತೆಗೆ ಅಂಚಿನದ್ದೊಂದು ಹತ್ತಿರದ ಫೋಟೋ. ಮಾರುವವರು ಅದನ್ನು ಕಳಿಸಲು ಹಿಂದೆಮುಂದೆ ನೋಡಿದರೆ ಆ ನಾಣ್ಯ ಬಿಟ್ಟುಬಿಡಿ ಅನ್ನುತ್ತೇನೆ.