ಎಲ್ಲಿ ಕೂತು ಮಾತಾಡ್ತೀರಿ?

ಆನ್‌ಲೈನ್ ಕೌನ್ಸೆಲಿಂಗ್‌ಗೆ ಅಂತ ಹೊಸಬರು ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ: "ಎಲ್ಲಿ ಕೂತು ಮಾತಾಡ್ತೀರಿ?" ಎಷ್ಟು ವರ್ಷದ ತೊಂದರೆ, ಯಾವ ಗುಳಿಗೆ ಎಂಬುದೆಲ್ಲ ಆಮೇಲೆ. ನಮ್ಮ ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಒಂದು ತಾಸು ಕೂರುವುದು ಸುಲಭ ಅಲ್ಲ. ಬಾಗಿಲು ಹಾಕಿದರೆ ಎಂತ ಆತು ಅಂತ ಮೂರು ಜನ ಬಂದು ತಟ್ಟುತ್ತಾರೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಗುಳಿಗೆ ಬರೆಯುವ ಡಾಕ್ಟರ್ ಅಲ್ಲ, ಮಾತಿನ ಚಿಕಿತ್ಸೆ ಕೊಡುವವಳು. ಶಿರಸಿಯಲ್ಲಿ ಒಂದು ಸಣ್ಣ ಕೋಣೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಅದಕ್ಕೆ ಬೀಗ ಬಿದ್ದಾಗ ಬೇರೆ ದಾರಿ ಕಾಣದೆ ವಿಡಿಯೋ ಕಾಲ್ ಶುರು ಮಾಡಿದೆ. ಈಗ ನನ್ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆನ್‌ಲೈನ್‌ನವರೇ. ಕಾರಣ ದೂರ. ಅಂಕೋಲಾ ಕಡೆಯ ಹಳ್ಳಿಯಿಂದ ಶಿರಸಿಗೆ ಬರಬೇಕಾದರೆ ಘಟ್ಟ ಹತ್ತಬೇಕು. ಒಂದು ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಗುಳಿಗೆಗೆಂದು ಎರಡು ತಿಂಗಳಿಗೊಮ್ಮೆ ಹೇಗೋ ಹೋಗಿ ಬರಬಹುದು. ಮಾತಿನ ಚಿಕಿತ್ಸೆ ಹಾಗಲ್ಲ. ವಾರಕ್ಕೊಂದರಂತೆ 12ರಿಂದ 16 ವಾರ ಬೇಕಾಗುತ್ತದೆ. ಮೂರನೇ ವಾರಕ್ಕೇ ಜನ ಬರುವುದು ಬಿಡುತ್ತಿದ್ದರು. ಅವರದು ತಪ್ಪಲ್ಲ.

ಬರುವವರಲ್ಲಿ ಹೆಚ್ಚಿನವರದು ಹಳೇ ತೊಂದರೆ. ಮನಸ್ಸು ಮಂಕಾಗಿ ಎರಡು ವರ್ಷ ದಾಟಿದರೆ ಅದನ್ನು ದೀರ್ಘಕಾಲದ ಡಿಪ್ರೆಶನ್ ಅನ್ನುತ್ತೇವೆ. ಆರು ತಿಂಗಳಾದರೂ ಚಿಂತೆ ಹಿಡಿತಕ್ಕೆ ಸಿಗದೆ, ನಿದ್ದೆ ಕೆಟ್ಟು, ಮೈಕೈ ಬಿಗಿಯುತ್ತಲೇ ಇದ್ದರೆ ಅದು ಆತಂಕದ ಕಾಯಿಲೆ. ಈ ಹೆಸರನ್ನು ಹೇಳಿಕೊಂಡು ಯಾರೂ ಬರುವುದಿಲ್ಲ. "ತಲೆಬಿಸಿ" ಅನ್ನುತ್ತಾರೆ. "ಎದೆ ಡವಡವ", "ಕೈಕಾಲು ಸೋಲು" ಅನ್ನುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಕೇಳುವ ಮಾತು, "ನನ್ನ ಸ್ವಭಾವವೇ ಹಿಂಗೆ". ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಹತ್ತು ವರ್ಷ ಜೊತೆಗಿದ್ದ ಕಾಯಿಲೆಯನ್ನು ಅವರು ತಮ್ಮ ಗುಣ ಅಂತ ನಂಬಿಬಿಟ್ಟಿರುತ್ತಾರೆ.

ಅಡಿಕೆ ತೋಟದವರೊಬ್ಬರ ವಿಷಯ ಹೇಳುತ್ತೇನೆ. ಇಲ್ಲಿ ಬರುವ ಎಲ್ಲರ ವಿವರವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಅವರಿಗೆ ಐವತ್ತೈದರ ಹತ್ತಿರ. ಹನ್ನೊಂದು ವರ್ಷದಿಂದ ಎದೆ ಡವಡವ, ಈಗ ಸತ್ತೇ ಹೋಗುತ್ತೇನೆ ಅನ್ನುವ ಹೆದರಿಕೆ. ಹುಬ್ಬಳ್ಳಿ, ಮಣಿಪಾಲ ಎಲ್ಲ ಆಗಿತ್ತು. ಇಸಿಜಿ, ಎಕೋ, ಥೈರಾಯ್ಡ್ ಯಾವುದರಲ್ಲೂ ದೋಷ ಇರಲಿಲ್ಲ. ಲಾಕ್‌ಡೌನ್‌ಗೆ ಮೊದಲು ನನ್ನ ಕೋಣೆಗೆ ನಾಲ್ಕು ಸಲ ಬಂದಿದ್ದರು. ಪ್ರತಿ ಸಲ "ಈಗ ಅಡ್ಡಿಲ್ಲೆ ತಂಗೀ" ಅಂತ ಹೇಳಿ ಎದ್ದು ಹೋಗುತ್ತಿದ್ದರು.

ಮೊದಲ ವಿಡಿಯೋ ಕಾಲ್‌ನಲ್ಲಿ ಫೋನನ್ನು ಕವಳದ ಬಟ್ಟಲಿಗೆ ಒರಗಿಸಿ ಕೂತಿದ್ದರು. ಪಕ್ಕದಲ್ಲಿ ಬಿಪಿ ಮಷಿನ್. ಮಾತಿನ ನಡುವೆ ಅವರ ಕೈ ತಾನಾಗಿ ಅತ್ತ ಹೋಯಿತು. ತೋಳಿಗೆ ಪಟ್ಟಿ ಸುತ್ತಿದರು, ಗುಂಡಿ ಒತ್ತಿದರು. ಬಾಯಿ ನನ್ನ ಜೊತೆ ಮಳೆಯ ಸುದ್ದಿ ಹೇಳುತ್ತಲೇ ಇತ್ತು. "ದಿನಕ್ಕೆ ಎಷ್ಟು ಸಲ ನೋಡ್ತೀರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೊಸೈಟಿಯವರು ಕೊಟ್ಟ ಡೈರಿ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಪುಟ ತುಂಬ ಅಂಕಿ. ಬೆಳಗಿನ 5 ಗಂಟೆ, 5:40, 6:30. ರಾತ್ರಿ 2 ಗಂಟೆಗೂ ಒಂದು. ದಿನಕ್ಕೆ ಇಪ್ಪತ್ತರ ಮೇಲೆ.

ನಾಲ್ಕು ಸಲ ನನ್ನೆದುರು ಕೂತು ಹೋದರೂ ಇದನ್ನು ಅವರು ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಆವತ್ತು ನನಗೆ ಆನ್‌ಲೈನ್ ಚಿಕಿತ್ಸೆಯ ಬೆಲೆ ಗೊತ್ತಾಯಿತು. ಕಾಯಿಲೆ ಇರುವುದು ಅವರ ಮನೆಯಲ್ಲಿ, ಆ ಮೇಜಿನ ಮೇಲೆ. ನಾನು ಅಲ್ಲಿಗೇ ಹೋಗಿ ಕೂತ ಹಾಗಾಗಿತ್ತು.

ಮಷಿನ್ ನೋಡಿದ ಕೂಡಲೆ ಒಂದು ಕ್ಷಣ ಸಮಾಧಾನ ಆಗುತ್ತದೆ. ಆ ಸಮಾಧಾನವೇ ಮುಂದಿನ ಹೆದರಿಕೆಗೆ ಗೊಬ್ಬರ. ಹೆದರಿದಾಗ ಬಿಪಿ ಸ್ವಲ್ಪ ಏರುತ್ತದೆ, ಏರಿದ್ದನ್ನು ನೋಡಿ ಹೆದರಿಕೆ ಇನ್ನೂ ಏರುತ್ತದೆ. ನೋಡದೆ ಬಿಟ್ಟರೂ ಎದೆಬಡಿತ ತಾನಾಗಿ ಇಳಿಯುತ್ತಿತ್ತು. ಅದನ್ನು ಕಲಿಯುವ ಅವಕಾಶವೇ ಅವರಿಗೆ ಸಿಕ್ಕಿರಲಿಲ್ಲ. ಅವರ ಡಾಕ್ಟರನ್ನು ಕೇಳಿದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು ಅಂದರು. ಆಮೇಲೆ ಕಡಿಮೆ ಮಾಡುತ್ತಾ ಬಂದೆವು. ದಿನಕ್ಕೆ ಹತ್ತು ಸಲ, ಹೊತ್ತು ಗೊತ್ತು ಮಾಡಿ ನಾಲ್ಕು, ಮತ್ತೆ ಒಂದು. ನೋಡಬೇಕು ಅನ್ನಿಸಿದಾಗ ಕಾಲು ಗಂಟೆ ತಡೆಯಬೇಕು. ಡೈರಿಯಲ್ಲಿ ಅಂಕಿಯ ಬದಲು ಎರಡು ಸಾಲು ಬರೆಯಬೇಕು. ಮೊದಲ ವಾರ ಓದಿ ಹೇಳಿದ್ದು ನನಗೆ ಇನ್ನೂ ನೆನಪಿದೆ. "ನೋಡದಿದ್ದರೆ ಏನಾಗುತ್ತದೆ: ತಲೆ ತಿರುಗಿ ಬೀಳುತ್ತೇನೆ. ಏನಾಯಿತು: ಬೆಟ್ಟದಲ್ಲಿ ಎರಡು ಹೊರೆ ದರಕು (ಒಣ ಎಲೆ) ಗುಡಿಸಿ ಬಂದೆ."

ಆರನೇ ವಾರ ಫೋನ್ ಕೈಯಲ್ಲಿ ಹಿಡಿದು ಮೆತ್ತಿಯ ಮೆಟ್ಟಿಲು ಮೂರು ಸಲ ಹತ್ತಿ ಇಳಿಯಿರಿ ಅಂದೆ. ಎದೆ ಬೇಕೆಂದೇ ಬಡಿಯಬೇಕು, ಆದರೆ ಮಷಿನ್ ಮುಟ್ಟಬಾರದು. ಹೃದಯದ ಡಾಕ್ಟರ್ ಒಪ್ಪಿದ ಮೇಲೇ ಇದನ್ನು ಮಾಡಿಸಿದ್ದು. ಹತ್ತಿದರು. ಏದುಸಿರು ಬಿಡುತ್ತಾ ಜಗುಲಿಯಲ್ಲಿ ಕೂತರು. ಮುಖ ಬಿಳುಚಿಕೊಂಡಿತ್ತು. ನಾನೂ ಮಾತಾಡಲಿಲ್ಲ, ಸುಮ್ನೆ ಜೊತೆಗಿದ್ದೆ. ಹದಿನೆಂಟು ನಿಮಿಷ ಆದ ಮೇಲೆ "ಇಳತ್ತು" ಅಂದರು.

ಎಲ್ಲ ಹೀಗೆ ಸರಾಗವಾಗಿ ಆಗಲಿಲ್ಲ. ಶುರುವಿನ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಕುಮಟಾ ಕಡೆಯ ಒಬ್ಬ ಹೆಣ್ಣುಮಗಳು. ಎರಡನೇ ಹೆರಿಗೆ ಆದಾಗಿನಿಂದ ಏಳು ವರ್ಷ ಯಾವುದಕ್ಕೂ ಮನಸ್ಸಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಅಂದಿದ್ದಳು, ನಾನು ಒಪ್ಪಿದ್ದೆ. ಅತ್ತೆ ಊಟ ಮಾಡಿ ಮಲಗಿದ ಮೇಲೆ ಮಧ್ಯಾಹ್ನ ಎರಡೂವರೆಗೆ ಮಾತು. ಜುಲೈ ತಿಂಗಳ ಒಂದು ದಿನ, ಮಳೆ ಹುಯ್ಯುತ್ತಿತ್ತು. "ಒಂದೊಂದ್ಸಲ ನಾನೇ ಇಲ್ದಿದ್ರೆ ಚಲೋ ಅನ್ನಿಸ್ತದೆ ಮೇಡಂ" ಅಂದಳು. ಅಷ್ಟರಲ್ಲಿ ಲೈನ್ ಕಟ್ ಆಯಿತು.

ಮತ್ತೆ ಮಾಡಿದರೆ ಸ್ವಿಚ್ ಆಫ್. ನನ್ನ ಹತ್ತಿರ ಆ ಒಂದು ನಂಬರ್ ಬಿಟ್ಟರೆ ಏನೂ ಇರಲಿಲ್ಲ. ಊರಿನ ಹೆಸರು ಗೊತ್ತು, ಮನೆ ಯಾವುದು ಗೊತ್ತಿಲ್ಲ. ಗಂಡನ ನಂಬರ್ ಕೇಳಿಯೇ ಇಲ್ಲ. ಐವತ್ತು ನಿಮಿಷ ಫೋನ್ ಹಿಡಿದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಕೊನೆಗೆ ಅವಳೇ ಮಾಡಿದಳು. ಕರೆಂಟ್ ಹೋಗಿ, ಟವರ್ ಹೋಗಿ, ಫೋನಿನ ಚಾರ್ಜೂ ಮುಗಿದಿತ್ತಂತೆ. ಪಕ್ಕದ ಅಂಗಡಿಯಲ್ಲಿ ಚಾರ್ಜ್ ಹಾಕಿ, ಮೇಲಿನ ರಸ್ತೆಗೆ ನಡೆದು ಬಂದು ಮಾತಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ.

ಆವತ್ತಿನಿಂದ ನಾನು ಮುರಿಯದ ಕಟ್ಟಳೆ ಒಂದಿದೆ. ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆ, ಅವರು ನಂಬುವ ಒಬ್ಬರ ನಂಬರ್, ಇಷ್ಟು ಸಿಗದೆ ಸೆಷನ್ ಶುರು ಮಾಡುವುದಿಲ್ಲ. ಕಾಲ್ ಕಟ್ ಆದರೆ ಐದು ನಿಮಿಷದಲ್ಲಿ ನಾನು ಸಾದಾ ಕಾಲ್ ಮಾಡುತ್ತೇನೆ. ಸಿಗದಿದ್ದರೆ ಆ ಇನ್ನೊಬ್ಬರಿಗೆ. ಇದನ್ನು ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳುತ್ತೇನೆ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿದರಲ್ಲ ಅಂತ ಹಗುರಾಗುವವರೇ ಜಾಸ್ತಿ. ನಾವು ಬಳಸುವ ಪಿಎಚ್‌ಕ್ಯೂ-9 ಪಟ್ಟಿಯ ಒಂಬತ್ತನೇ ಪ್ರಶ್ನೆ ಅದೇ. ಕಳೆದ ಎರಡು ವಾರ ಹೇಗಿತ್ತು ಅಂತ 9 ಪ್ರಶ್ನೆ, ಒಟ್ಟು 27 ಅಂಕ. ಜಾಸ್ತಿ ಬಂದಷ್ಟೂ ಡಿಪ್ರೆಶನ್ ಜಾಸ್ತಿ. ಕುಮಟಾ ಕಡೆಯ ಆ ಹೆಣ್ಣುಮಗಳಿಗೆ ಮೊದಲು 19 ಇತ್ತು.

ಅವಳಿಗೆ ಮೊದಲು ಅಬ್ಬಲಿಗೆ ದಂಡೆ ಕಟ್ಟುವುದೆಂದರೆ ಪ್ರಾಣ. ಏಳು ವರ್ಷದಿಂದ ಮುಟ್ಟಿರಲಿಲ್ಲ. "ಮನಸ್ಸು ಬಂದಾಗ ಕಟ್ತೇನೆ ಮೇಡಂ" ಅನ್ನುತ್ತಿದ್ದಳು. ಡಿಪ್ರೆಶನ್‌ನಲ್ಲಿ ಆ ಮನಸ್ಸು ಕಾದರೆ ಬರುವುದಿಲ್ಲ. ಕೈ ಮೊದಲು ಹೋಗಬೇಕು. ಇಡೀ ದಂಡೆ ಬೇಡ, ಮಂಗಳವಾರ ಹಾಲು ಕಾಯಿಸಿದ ಮೇಲೆ ಹತ್ತೇ ಹೂವು ಅಂತ ಗೊತ್ತು ಮಾಡಿದೆವು. ಕಟ್ಟುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟು, ಕಟ್ಟಿದ ಮೇಲೆ ಎಷ್ಟು, ಮಗನ ಹಳೇ ನೋಟ್‌ಬುಕ್‌ನಲ್ಲಿ ಬರೆಯಬೇಕು. ಎರಡು ಇದ್ದದ್ದು ನಾಲ್ಕಾಯಿತು. ಅಷ್ಟೇ. ಆದರೆ ಏಳು ವರ್ಷದಲ್ಲಿ ಮೊದಲ ಸಲ ಅವಳೇ ಏನೋ ಮಾಡಿ ಅಂಕ ಏರಿಸಿದ್ದಳು.

ಇದು ನಾನು ಕಂಡುಹಿಡಿದ ವಿದ್ಯೆ ಅಲ್ಲ. ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಇದನ್ನೇ ಮಾಡಿ ತೋರಿಸಿದ್ದಾರೆ. ಊರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಡಿಪ್ರೆಶನ್ ಇರುವವರಿಗೆ 6ರಿಂದ 8 ಸೆಷನ್ ಮಾಡಿಸಿದರು. ಎದುರಾಎದುರು ಕೂತು ಮಾಡಿದ್ದು, ಆನ್‌ಲೈನ್ ಅಲ್ಲ. 10 ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದ ಆ ಕೆಲಸ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾಯಿತು. ಡಿಪ್ರೆಶನ್ ಕಡಿಮೆಯಾಗಿತ್ತು. ಆನ್‌ಲೈನ್ ಬಗ್ಗೆ ಬೇರೆ ದೇಶಗಳಲ್ಲಿ ಆದ ಅಧ್ಯಯನಗಳಲ್ಲೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಬರೀ ಆ್ಯಪ್ ನೋಡಿ ಒಬ್ಬರೇ ಮಾಡುವುದಕ್ಕಿಂತ, ಜೊತೆಗೆ ವಿಚಾರಿಸುವ ಒಬ್ಬ ಮನುಷ್ಯ ಇದ್ದರೆ ಗುಣ ಜಾಸ್ತಿ. ನಾನು ಕಂಡದ್ದೂ ಅದೇ.

ಜಾಗದ ವಿಷಯಕ್ಕೆ ಮತ್ತೆ ಬರುತ್ತೇನೆ. ಕೆಲವರು ಕಾರಿನಲ್ಲಿ ಕೂರುತ್ತಾರೆ, ಕೆಲವರು ಪಂಪ್‌ಸೆಟ್ ಮನೆಯಲ್ಲಿ. ಕೊಟ್ಟಿಗೆಯಲ್ಲಿ ಕೂತು ಹದಿನಾಲ್ಕು ವಾರ ಪೂರೈಸಿದವರಿದ್ದಾರೆ. ಇಯರ್‌ಫೋನ್ ಹಾಕಿದರೆ ನನ್ನ ಮಾತು ಹೊರಗೆ ಕೇಳದು, ಅವರ ಮಾತು ಕೇಳುತ್ತದಲ್ಲ. ಅದಕ್ಕೆ ಬಾಗಿಲ ಹೊರಗೆ ರೇಡಿಯೋ ಹಚ್ಚಿಡಲು ಹೇಳುತ್ತೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಸಂಜೆ ಹೊತ್ತು ಯಾರಿಗೂ ಸೆಷನ್ ಇಡುವುದಿಲ್ಲ, ಮನೆ ತುಂಬ ಜನ ಇರುತ್ತಾರೆ. ನೆಟ್‌ವರ್ಕ್ ಸರಿ ಇಲ್ಲದಿದ್ದರೆ ವಿಡಿಯೋ ಬಿಟ್ಟು ಬರೀ ಧ್ವನಿ ಸಾಕು. ಮುಖ ತುಂಡುತುಂಡಾಗಿ ಕಾಣುವುದಕ್ಕಿಂತ ಅದೇ ಚಲೋ.

ಎಲ್ಲರಿಗೂ ಆನ್‌ಲೈನ್ ಆಗುವುದಿಲ್ಲ. ಸಾಯುವ ಯೋಚನೆ ಗಟ್ಟಿಯಾಗಿರುವವರು, ಇಲ್ಲದ ಧ್ವನಿ ಕೇಳುವವರು, ಕುಡಿತ ಕೈಮೀರಿದವರು, ಮನೆಯಲ್ಲಿ ಹೊಡೆತ ತಿನ್ನುವವರು, ಇವರನ್ನು ಎದುರಿಗೇ ನೋಡಬೇಕು. ನಡುರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂತ ಎಲ್ಲರಿಗೂ ಬರೆಸಿಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರದ ಸಹಾಯವಾಣಿ. ದುಡ್ಡು ಬೇಡ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಮಾತು. ಸ್ವಲ್ಪ ಚಲೋ ಅನ್ನಿಸಿದ ಕೂಡಲೆ ಗುಳಿಗೆಯನ್ನು ತಟ್ಟನೆ ಬಿಡಬೇಡಿ. ಬಿಡುವುದಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿಯೇ ಬಿಡಬೇಕು.

ಕುಮಟಾ ಕಡೆಯ ಆ ಹೆಣ್ಣುಮಗಳು ಹದಿನಾಲ್ಕನೇ ವಾರಕ್ಕೆ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 19ರಿಂದ 8ಕ್ಕೆ ಇಳಿದಿದ್ದಳು. ಗಂಡನಿಗೆ ಅವಳೇ ಹೇಳಿದಳು. ಈಗ ತುರ್ತಿಗೆ ಅಂತ ನನ್ನ ಪುಸ್ತಕದಲ್ಲಿರುವುದು ಅವನದೇ ನಂಬರ್.

ತೋಟದವರಿಗೆ ಮುಂದಿನ ಮಳೆಗಾಲ ಮತ್ತೆ ಹೆದರಿಕೆ ಬಂತು. ಕೊಳೆ ರೋಗ ಬಿದ್ದು ಅಡಿಕೆ ಉದುರುತ್ತಿತ್ತು, ಮದ್ದು ಹೊಡೆಯಲು ಆಳು ಸಿಗುತ್ತಿರಲಿಲ್ಲ, ನಿದ್ದೆ ಇಲ್ಲ. ಮೆತ್ತಿಯಲ್ಲಿಟ್ಟಿದ್ದ ಮಷಿನ್ ಎರಡು ಸಲ ಕೆಳಗೆ ಬಂದಿತ್ತು. ಮೂರನೇ ಸಲ ತರುವ ಮೊದಲು ನನಗೆ ಫೋನ್ ಮಾಡಿದರು. "ಡೈರಿ ಎಲ್ಲಿದೆ?" ಅಂತ ಕೇಳಿದೆ. "ಕೈಯಲ್ಲೇ ಇದ್ದು ತಂಗೀ" ಅಂದರು. ಕಾಲು ಗಂಟೆ ಇಬ್ಬರೂ ಲೈನಿನಲ್ಲಿ ಇದ್ದೆವು. ಆ ಕಡೆಯಿಂದ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಬರುತ್ತಿತ್ತು.