ಜಾವೆಲಿನ್ ಎಸೆತ: ಕೈಗಿಂತ ಮೊದಲು ಕಾಲು ಕಲಿಯಲಿ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬೆಳಿಗ್ಗೆ ಇಳಿತದ ಹೊತ್ತಿಗೆ ಹೋಗಿ. ನೀರು ಹಿಂದೆ ಸರಿದ ಜಾಗದಲ್ಲಿ ಮರಳು ಒದ್ದೆಯಾಗಿ, ಗಟ್ಟಿಯಾಗಿ ಇರುತ್ತದೆ. ಅದರ ಮೇಲೆ ಜಾವೆಲಿನ್ ಎಸೆಯುವ ಹಾಗೆ ಮೂರು ಹೆಜ್ಜೆ ಹಾಕಿ, ಆಮೇಲೆ ತಿರುಗಿ ನೋಡಿ. ನಿಮ್ಮ ಎಸೆತ ಯಾಕೆ ದೂರ ಹೋಗುತ್ತಿಲ್ಲ ಅನ್ನೋದು ಮರಳಲ್ಲೇ ಬರೆದಿರುತ್ತದೆ.

ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. 2025ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಎಸೆದರು. ಅವರನ್ನು ನೋಡಿದ ಮಕ್ಕಳು ಮೊದಲು ಕಲಿಯೋದು, ಎಸೆದ ಮೇಲೆ ಅವರು ಮುಂದಕ್ಕೆ ಬೀಳುವುದನ್ನು. ಆದರೆ ಬೀಳೋದು ಬೇಕಂತ ಮಾಡುವ ಕೆಲಸ ಅಲ್ಲ. ಓಡಿ ಬಂದ ಮೈಯನ್ನು ಎಡಗಾಲು ಗಕ್ಕನೆ ತಡೆಯುತ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೇ ಇದು. ಕಾಲು ನಿಲ್ಲುತ್ತದೆ, ಸೊಂಟ, ಎದೆ, ಭುಜ ಒಂದರ ಹಿಂದೆ ಒಂದು ಮುಂದೆ ನುಗ್ಗುತ್ತವೆ. ಕೈ ಬರೋದು ಕೊನೆಗೆ.

ಇದು ಗೊತ್ತಿಲ್ಲದೆ ನಾನು ಹೈಸ್ಕೂಲಿನಲ್ಲಿ ದಿನಕ್ಕೆ ನಲವತ್ತು ಐವತ್ತು ಸಲ ಬರೀ ಕೈಬಲದಲ್ಲಿ ಎಸೆದೆ. ಮೊಣಕೈಯ ಒಳಬದಿಯಲ್ಲಿ ನೋವು ಶುರುವಾಯಿತು. ಆ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟ ಕೈತಪ್ಪಿತು. ಈಗ ಕಲಿಯುವ ಮಕ್ಕಳಿಗೆ ಹಾಗಾಗಬಾರದು ಅಂತಲೇ ಇಷ್ಟು ಹೇಳುತ್ತಿದ್ದೇನೆ. ಮುಂದಿನದೆಲ್ಲ ಬಲಗೈಯವರಿಗೆ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

ಹಿಡಿತ

ಗಂಡಸರ ಜಾವೆಲಿನ್ 800 ಗ್ರಾಂ, ಹೆಂಗಸರದ್ದು 600 ಗ್ರಾಂ. 18 ವರ್ಷದೊಳಗಿನ ಹುಡುಗರಿಗೆ 700, ಹುಡುಗಿಯರಿಗೆ 500. ಹೊಸಬರು ಹಗುರದ್ದನ್ನೇ ತಗೊಳ್ಳಿ. ಅಂಗೈ ಮೇಲ್ಮುಖವಾಗಿರಲಿ. ಜಾವೆಲಿನ್ ಅಂಗೈಯ ಗೆರೆಗಳ ಮೇಲೆ ಓರೆಯಾಗಿ ಮಲಗಲಿ. ಹೆಬ್ಬೆರಳು ಮತ್ತು ನಡುಬೆರಳು ಹಗ್ಗ ಸುತ್ತಿದ ಭಾಗದ ಹಿಂದಿನ ಅಂಚಿಗೆ ಒತ್ತಿರಲಿ. ತೋರುಬೆರಳು ಹಿಂದಕ್ಕೆ ಚಾಚಿ ಕೆಳಗಿನಿಂದ ಆಧಾರ ಕೊಡುತ್ತದೆ. ತೋರುಬೆರಳನ್ನೇ ಅಂಚಿಗೆ ಕೊಡುವವರೂ ಇದ್ದಾರೆ, ತಪ್ಪೇನಿಲ್ಲ. ಮುಷ್ಟಿ ಬಿಗಿ ಹಿಡಿಯೋದು ಮಾತ್ರ ಬೇಡ. ಮುಷ್ಟಿ ಬಿಗಿಯಾದರೆ ಭುಜವೂ ಬಿಗಿಯಾಗುತ್ತದೆ.

ನಿಂತಲ್ಲಿಂದ ಎಸೆಯಿರಿ

ಮೊದಲ ಎರಡು ಮೂರು ವಾರ ಓಟವೇ ಬೇಡ. ಎಡಗಾಲು ಮುಂದೆ, ಬಲಗಾಲು ಹಿಂದೆ, ಎಡ ಭುಜ ಎಸೆಯುವ ದಿಕ್ಕಿಗೆ. ಬಲಗೈ ಪೂರ್ತಿ ಹಿಂದೆ ಚಾಚಿ, ಅಂಗೈ ಭುಜದ ಮಟ್ಟಕ್ಕಿಂತ ತುಸು ಮೇಲೆ. ಜಾವೆಲಿನ್ನಿನ ತುದಿ ಬಲಗಣ್ಣಿನ ಹತ್ತಿರವೇ ಇರಲಿ. ಈಗ ಬಲಗಾಲಿನ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ. ಸೊಂಟ ತಾನಾಗಿ ಮುಂದಕ್ಕೆ ತಿರುಗುತ್ತದೆ, ಎದೆ ಬಿಲ್ಲಿನ ಹಾಗೆ ಬಾಗುತ್ತದೆ, ಕೈ ಇನ್ನೂ ಹಿಂದೆಯೇ ಇರುತ್ತದೆ. ಆ ಕ್ಷಣ ಎದೆಯಲ್ಲಿ, ಕಂಕುಳಿನ ಹತ್ತಿರ ಒಂದು ಎಳೆತ ಗೊತ್ತಾಗಬೇಕು. ಅದು ಗೊತ್ತಾದ ಮೇಲೆ ಕೈಯನ್ನು ಮುಂದಕ್ಕೆ ತನ್ನಿ.

ಮೊಣಕೈ ಕಿವಿಯ ಹತ್ತಿರದಿಂದ, ಎತ್ತರದಲ್ಲಿ ಹಾದುಹೋಗಬೇಕು. ಮಾವಿನಕಾಯಿಗೆ ಪಕ್ಕದಿಂದ ಕಲ್ಲು ಬೀಸಿ ರೂಢಿಯಾದವರಿಗೆ ಇದು ಕಷ್ಟ. ಮೊಣಕೈ ಕೆಳಗಿಳಿದು, ಜಾವೆಲಿನ್ ಅಡ್ಡಡ್ಡ ಹೋಗುತ್ತದೆ. ಮೊಣಕೈ ಪೆಟ್ಟು ತಿನ್ನೋದೂ ಅಲ್ಲೇ. ಇದನ್ನು ಬಿಡಿಸಲು ಹಳೇ ಸೈಕಲ್ ಟ್ಯೂಬನ್ನು ತೆಂಗಿನ ಮರಕ್ಕೆ ಕಟ್ಟಿ, ಮರಕ್ಕೆ ಬೆನ್ನು ಹಾಕಿ ನಿಂತು, ಅದೇ ದಾರಿಯಲ್ಲಿ ನಿಧಾನವಾಗಿ ಎಳೆದು ಅಭ್ಯಾಸ ಮಾಡಿ. ಮಳೆಗಾಲದಲ್ಲಿ ನಮ್ಮ ಕೆಂಪುಮಣ್ಣಿನ ಮೈದಾನ ಜಾರುತ್ತದೆ. ಆಗ ಎಸೆಯಲೇ ಬೇಡಿ. ಜಗಲಿಯ ಕಂಬಕ್ಕೆ ಟ್ಯೂಬ್ ಕಟ್ಟಿಕೊಂಡರೆ ಸಾಕು.

ಮೂರು ಹೆಜ್ಜೆ

ಎಡ, ಬಲ, ಎಡ. ನಡುವಿನ ಬಲಗಾಲು ಎಡಗಾಲನ್ನು ದಾಟಿಕೊಂಡು ಮುಂದೆ ಬೀಳುತ್ತದೆ. ಮೈ ಪಕ್ಕಕ್ಕೆ ತಿರುಗಿಯೇ ಇರುತ್ತದೆ, ತುಸು ಹಿಂದಕ್ಕೆ ವಾಲಿರುತ್ತದೆ. ಕೊನೆಯ ಎರಡು ಹೆಜ್ಜೆ ಒಂದರ ಬೆನ್ನಿಗೇ ಒಂದು ಬೀಳಬೇಕು. ಯಕ್ಷಗಾನದ ಚೆಂಡೆ ಕೇಳಿ ಬೆಳೆದವರಿಗೆ ಬಾಯಲ್ಲಿ ಹೇಳಿದರೆ ಸಾಕು: ಧೀಂ... ತಕ! ಬಲಗಾಲು ಬಿದ್ದ ಮೇಲೆ ಎಡಗಾಲು ಬರೋದು ತಡವಾದರೆ ಓಡಿ ತಂದ ವೇಗವೆಲ್ಲ ಅಲ್ಲೇ ಸತ್ತುಹೋಗುತ್ತದೆ.

ಮರಳು ಬೇಕಾಗೋದು ಇಲ್ಲಿ. ಜಾವೆಲಿನ್ ಮನೆಯಲ್ಲೇ ಇರಲಿ. ತೀರದಲ್ಲಿ ವಾಕಿಂಗ್ ಮಾಡುವವರು, ಬಲೆ ಎಳೆಯುವವರು ಇರುತ್ತಾರೆ, ಅಲ್ಲಿ ಎಸೆಯಲೇಬಾರದು. ಬರಿಗೈಯಲ್ಲಿ ಬರಿಗಾಲಲ್ಲಿ ಹೋಗಿ. ಮೊದಲು ಬೆರಳಿನಿಂದ ಒಂದು ನೇರ ಗೆರೆ ಎಳೆದುಕೊಳ್ಳಿ. ಗೆರೆಯ ಮೇಲೆ ಮೂರು ಹೆಜ್ಜೆ ಹಾಕಿ ನಿಲ್ಲಿ.

ಕಳೆದ ಚಳಿಗಾಲ ನನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೊನೆಯ ಎಡ ಹೆಜ್ಜೆಯಲ್ಲಿ ಅವಳ ಬೆರಳುಗಳ ಗುಂಡಿ ಆಳವಾಗಿತ್ತು, ಹಿಮ್ಮಡಿಯ ಗುರುತು ಕಂಡೂ ಕಾಣದಂತಿತ್ತು. ಅಂದರೆ ಅವಳು ಕಾಲಿನ ತುದಿಯ ಮೇಲೆ ಬೀಳುತ್ತಿದ್ದಳು, ಮಂಡಿ ಮಡಚಿ ವೇಗ ಸೋರುತ್ತಿತ್ತು. "ಮಾವ, ನಾನು ಗಟ್ಟಿಯಾಗೇ ಇಟ್ಟೆನಲ್ಲ" ಅಂದಳು. ಗುರುತಿಗೆ ಬೆರಳು ಹಾಕಿ ಆಳ ನೋಡು ಅಂದೆ. ನೋಡಿದಳು, ಏನೂ ಮಾತಾಡಲಿಲ್ಲ, ವಾಪಸ್ ಹೋಗಿ ಮತ್ತೆ ಓಡಿದಳು. ಹತ್ತನೇ ಸಲವೋ ಏನೋ, ಹಿಮ್ಮಡಿ ಮೊದಲು ಊರಿ ಅಲ್ಲೊಂದು ದುಂಡನೆಯ ಕುಳಿ ಬಿತ್ತು. ಅದರಲ್ಲಿ ನಿಧಾನವಾಗಿ ನೀರು ಒಸರಿತು. ಬೇಕಾದದ್ದು ಅದೇ ಕುಳಿ.

ಇನ್ನೂ ಎರಡು ಗುರುತು ನೋಡಿಕೊಳ್ಳಿ. ಕೊನೆಯ ಎಡ ಹೆಜ್ಜೆ ಗೆರೆಯಿಂದ ಒಂದು ಪಾದದಷ್ಟು ಎಡಕ್ಕಿರಬೇಕು. ಗೆರೆ ದಾಟಿ ಬಲಕ್ಕೆ ಬಿದ್ದರೆ ಸೊಂಟಕ್ಕೆ ತಿರುಗಲು ಜಾಗವಿಲ್ಲ. ತೀರಾ ಎಡಕ್ಕೆ ಹೋದರೆ ಮೈ ಅತ್ತ ವಾಲಿ, ಎಲ್ಲ ಭಾರ ಮೊಣಕೈಗೆ ಬರುತ್ತದೆ. ಬಲ ಪಾದ ಗೆರೆಗೆ ಓರೆಯಾಗಿ, ಬೆರಳುಗಳು ತುಸು ಬಲಕ್ಕೆ ತಿರುಗಿರಬೇಕು. ಶಿರಸಿ, ಸಿದ್ದಾಪುರ ಕಡೆಯವರು ಮನೆ ಅಂಗಳದಲ್ಲಿ ತೆಳುವಾಗಿ ಬೂದಿ ಉದುರಿಸಿಕೊಂಡರೂ ಹೆಜ್ಜೆ ಚೆನ್ನಾಗಿ ಕಾಣುತ್ತದೆ. ಮೂರು ಹೆಜ್ಜೆ ತಪ್ಪದೆ ಬಂದ ಮೇಲೆ ಐದು ಮಾಡಿ. ಉದ್ದ ಓಟಕ್ಕೆ ಆತುರ ಬೇಡ.

ಮೈದಾನದಲ್ಲಿ

ತುದಿಯನ್ನು ಆಕಾಶಕ್ಕೆ ಎತ್ತಬೇಡಿ. 30ರಿಂದ 35 ಡಿಗ್ರಿ ಸಾಕು. ತುದಿ ಜಾಸ್ತಿ ಎತ್ತಿದರೆ ಜಾವೆಲಿನ್ ಮೇಲೇರಿ, ಗಾಳಿಗೆ ಅಡ್ಡವಾಗಿ, ಬಾಲವೇ ಮೊದಲು ಬೀಳುತ್ತದೆ. ಆಗ ಕೆಂಪು ಬಾವುಟ, ಎಸೆತ ಲೆಕ್ಕಕ್ಕಿಲ್ಲ. ನೆಲಕ್ಕೆ ಚುಚ್ಚಿ ನಿಲ್ಲಲೇಬೇಕು ಅಂತ ತುಂಬಾ ಮಕ್ಕಳು ತಿಳಿದಿದ್ದಾರೆ. ಹಾಗೇನಿಲ್ಲ, ಲೋಹದ ತಲೆ ಮೊದಲು ತಾಗಿದರೆ ಎಸೆತ ಸರಿ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು. ಎದುರುಗಾಳಿ ಇದ್ದರೆ ತುದಿಯನ್ನು ಇನ್ನೂ ತಗ್ಗಿಸಿ.

ಎಡಗಾಲು ಊರುವ ಜಾಗ, ಎಸೆಯುವಾಗ ದಾಟಬಾರದ ಮುಂದಿನ ಗೆರೆಗಿಂತ ಒಂದೂವರೆ, ಎರಡು ಮೀಟರ್ ಹಿಂದಿರಲಿ. ಎಸೆದ ಮೇಲೆ ಬಲಗಾಲು ಮುಂದೆ ಬಂದು ನಿಲ್ಲಲು ಅಷ್ಟು ಜಾಗ ಬೇಕು.

ಒಂದು ದಿನಕ್ಕೆ ಇಪ್ಪತ್ತು ಎಸೆತ, ವಾರಕ್ಕೆ ಎರಡು ಮೂರು ದಿನ, ಅಷ್ಟೇ. ಮೊಣಕೈ ಒಳಬದಿ ಚುರ್ ಅಂದರೆ ಆವತ್ತಿಗೆ ನಿಲ್ಲಿಸಿ. ಮರುದಿನವೂ ನೋವಿದ್ದರೆ ಡಾಕ್ಟರಿಗೆ ತೋರಿಸಿ, ನನ್ನ ಹಾಗೆ ಮುಚ್ಚಿಟ್ಟುಕೊಳ್ಳಬೇಡಿ. ಎಲ್ಲರೂ ಎಸೆದು ಮುಗಿಯುವವರೆಗೆ ಯಾರೂ ಮುಂದೆ ಹೋಗಬಾರದು. ತರಲು ಹೋಗುವಾಗ ಓಡಬೇಡಿ, ನೆಟ್ಟ ಜಾವೆಲಿನ್ನಿನ ಬಾಲ ಕಣ್ಣಿನ ಎತ್ತರಕ್ಕೇ ಇರುತ್ತದೆ. ಪಕ್ಕದಲ್ಲಿ ನಿಂತು, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆಳೆದು ತೆಗೆಯಿರಿ. ತುದಿ ಕೆಳಗೆ ಮಾಡಿ, ನೆಟ್ಟಗೆ ಹಿಡಿದು, ನಡೆದುಕೊಂಡೇ ವಾಪಸ್ ಬನ್ನಿ.