ಡಿ ಒಳಗಿನ ಚುಕ್ಕಿಗಳು

ನಮ್ಮ ಕುಟುಂಬದ ಹಾಕಿ ತಂಡಕ್ಕೆ ಆಟಗಾರರನ್ನು ಆರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನದು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬ ನಾಕೌಟ್ ಆಟ. ಸೋತರೆ ಮುಂದಿನ ವರ್ಷದವರೆಗೆ ಕಾಯಬೇಕು. ಹಾಗಾಗಿ ಗೋಲು ಹೊಡೆಯಲು ಮುಂದಿನ ಸಾಲಿನಲ್ಲಿ ಯಾರನ್ನು ಆಡಿಸೋದು ಅನ್ನೋದೇ ನನಗೆ ದೊಡ್ಡ ಚಿಂತೆ.

ಮೊದಲ ವರ್ಷ ತಪ್ಪು ಮಾಡಿದೆ. ಅಭ್ಯಾಸದಲ್ಲಿ ಚಿಕ್ಕಪ್ಪನ ಮಗ 5 ಹೊಡೆತಕ್ಕೆ 3 ಗೋಲು ಹಾಕಿದ್ದ. ಇನ್ನೊಬ್ಬ 40ಕ್ಕೆ 14. ಶೇಕಡಾ 60 ನೋಡಿ ಚಿಕ್ಕಪ್ಪನ ಮಗನಾದ ಆ ತಮ್ಮನನ್ನೇ ಆಡಿಸಿದೆ, ಇನ್ನೊಬ್ಬನನ್ನು ಹೊರಗೆ ಕೂರಿಸಿದೆ. ಐದೇ ಹೊಡೆತದಲ್ಲಿ ಒಂದು ಚೆಂಡು ಯಾರದೋ ಕೋಲಿಗೆ ತಾಗಿ ಒಳಗೆ ಹೋದರೂ ಲೆಕ್ಕವೇ ಬದಲಾಗುತ್ತೆ, ಅಲ್ವಾ?

ಈಗ ಪ್ರತಿಯೊಬ್ಬನ ಲೆಕ್ಕಕ್ಕೂ ತಂಡದ ಸರಾಸರಿಯಂತೆ 20 ಕಾಲ್ಪನಿಕ ಹೊಡೆತ ಸೇರಿಸುತ್ತೇನೆ. ನಮ್ಮ ಸರಾಸರಿ ಐದಕ್ಕೊಂದು, ಅಂದರೆ 20ಕ್ಕೆ 4 ಗೋಲು. ಆಗ ತಮ್ಮನದು 25ಕ್ಕೆ 7, ಶೇಕಡಾ 28. ಇನ್ನೊಬ್ಬನದು 60ಕ್ಕೆ 18, ಶೇಕಡಾ 30. ಹೊಡೆತ ಜಾಸ್ತಿಯಾದಂತೆ ಸೇರಿಸಿದ ಇಪ್ಪತ್ತರ ತೂಕ ತಾನಾಗಿ ಕಡಿಮೆಯಾಗುತ್ತದೆ.

ಇಷ್ಟೇ ಸಾಲದು. ಎಲ್ಲಿಂದ ಹೊಡೆದ ಅನ್ನೋದೂ ಬೇಕು. ಡಿ, ಅಂದರೆ ಗೋಲಿನ ಮುಂದೆ ಬರೆದ ಅರ್ಧವೃತ್ತದಂಥ ಗೆರೆ, ಅದರ ಒಳಗಿಂದ ಹೊಡೆದರೆ ಮಾತ್ರ ಗೋಲು. ಆದರೆ ಡಿ ಅಂಚು 14.63 ಮೀಟರ್ ದೂರ, ಗೋಲಿನ ಅಗಲ ಬರೀ 3.66 ಮೀಟರ್. ಅಂಚಿನಿಂದ ಹೊಡೆಯೋದೂ ಗೋಲು ಕಂಬದ ಪಕ್ಕ ತಳ್ಳೋದೂ ಒಂದೇ ಅಲ್ಲ. ನೋಟ್‌ಬುಕ್ಕಿನಲ್ಲಿ ಡಿ ಬರೆದು ಪ್ರತಿ ಹೊಡೆತಕ್ಕೂ ಚುಕ್ಕಿ ಇಡುತ್ತೇನೆ. ಗೋಲಾದರೆ ಚುಕ್ಕಿಗೆ ಸುತ್ತು. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ಗೆ ಬೇರೆ ಪುಟ, ಅಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಕೋಲಿನಲ್ಲಿ ಎಳೆದು ಚಿಮ್ಮಿಸುವ ಹೊಡೆತ) ಹೊಡೆಯುವವನ ಜೊತೆ ಗೆರೆಯಿಂದ ಚೆಂಡು ತಳ್ಳುವವನು, ನಿಲ್ಲಿಸುವವನು ಇಬ್ಬರೂ ಪಾಲುದಾರರು. ಟರ್ಫ್ ಮತ್ತು ಮಣ್ಣಿನ ಮೈದಾನವನ್ನೂ ಬೇರೆ ಇಡುತ್ತೇನೆ. ಏಪ್ರಿಲ್ ಮಳೆ ಬಿದ್ದ ಮಣ್ಣಿನಲ್ಲಿ ಚೆಂಡು ನಿಂತುಬಿಡುತ್ತದೆ.

ಒಂದು ಸಂಜೆ ತಮ್ಮ ತನ್ನ ಪುಟದ ಮೇಲೆ ಬೆರಳಾಡಿಸಿದ. "ಅಣ್ಣ, ಎಲ್ಲವೂ ಕಂಬದ ಹತ್ತಿರವೇ ಇದೆಯಲ್ಲ?" ಅಂದ, ಮುಖ ಸಪ್ಪಗಾಗಿತ್ತು. ಆದರೆ ನನಗೆ ಖುಷಿಯಾಯಿತು. ಡಿಫೆಂಡರ್ ಕಣ್ಣು ತಪ್ಪಿಸಿ ಅಲ್ಲಿಗೆ ತಲುಪೋದು ಸುಮ್ನೆ ಬರುವ ವಿದ್ಯೆಯಲ್ಲ, ಅದನ್ನು ಹೊಡೆತದ ಲೆಕ್ಕದಲ್ಲಿ ಬೆರೆಸಿದ್ದು ನಾನು. ಅಂದಿನಿಂದ ಎರಡು ಕಾಲಂ: ಜಾಗಕ್ಕೆ ಬಂದದ್ದೆಷ್ಟು, ಹೊಡೆದದ್ದು ಹೇಗೆ. ಈಗ ತಮ್ಮ ದೂರದ ಕಂಬದ ಬಳಿ ನುಗ್ಗುತ್ತಾನೆ, ಡಿ ಅಂಚಿನಿಂದ ಹೊಡೆಯೋದು ಇನ್ನೊಬ್ಬ.